ಕಲ್ಲಲ್ಲದ ಕಲ್ಲಿನ ಮನೆ: ಆಸ್ಬೋರ್ನ್ ಹೌಸ್ ಕಟ್ಟಿದ ಬಗೆ, ಕಾಯುತ್ತಿರುವ ಬಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಎದುರಿಗಿರುವ ಐಲ್ ಆಫ್ ವೈಟ್ ದ್ವೀಪದ ಉತ್ತರದ ಅಂಚಿನಲ್ಲಿ, ಈಸ್ಟ್ ಕೌಸ್ ಎಂಬ ಊರಿನ ಪಕ್ಕದಲ್ಲಿ, ಎರಡು ಗೋಪುರಗಳ ತಿಳಿ ಕೆನೆಬಣ್ಣದ ವಿಶಾಲವಾದ ಮನೆಯೊಂದಿದೆ. ವಿಕ್ಟೋರಿಯಾ ರಾಣಿ ಮತ್ತು ಅವಳ ಪತಿ ಆಲ್ಬರ್ಟ್ ತಮ್ಮ ಸ್ವಂತ ಹಣದಿಂದ ಕಟ್ಟಿಸಿಕೊಂಡ ಈ ಆಸ್ಬೋರ್ನ್ ಹೌಸ್ ದೂರದಿಂದ ನೋಡುವವರಿಗೆ ನುಣುಪಾಗಿ ಕಡೆದ ಕಲ್ಲಿನ ಕಟ್ಟಡದಂತೆ ಕಾಣುತ್ತದೆ. ಗೋಡೆಯ ಹತ್ತಿರ ನಿಂತಾಗ ಮಾತ್ರ, ಚಪ್ಪಡಿ ಚಪ್ಪಡಿಗಳ ನಡುವಿನ ಸಂದುಗಳೆಂದು ತೋರಿದ್ದವು ಹಸಿ ಗಿಲಾವಿನ ಮೇಲೆ ಎಳೆದ ಗೆರೆಗಳೆಂದು ತಿಳಿಯುತ್ತದೆ. ಒಳಗಿರುವುದು ಇಟ್ಟಿಗೆ, ಹೊರಗಿರುವುದು ಸಿಮೆಂಟಿನ ಲೇಪ, ಬಣ್ಣ ಮಾತ್ರ ಬಾತ್ ನಗರದ ಪ್ರಸಿದ್ಧ ಸುಣ್ಣಕಲ್ಲಿನದು. ಈ ಒಂದು ಸಂಗತಿಯನ್ನು ಹಿಡಿದು ಹೊರಟರೆ ಮನೆಯ ಚರಿತ್ರೆಯೂ ಅದರ ಸಂರಕ್ಷಣೆಯ ಕಷ್ಟಗಳೂ ಎರಡೂ ಬಿಡಿಸಿಕೊಳ್ಳುತ್ತವೆ. ಆಸ್ಬೋರ್ನ್‌ನಲ್ಲಿ ಅನುಕರಣೆಯೇ ಅಸಲು. ಅದನ್ನು ಅಸಲಿನಂತೆಯೇ ಕಾಪಾಡಬೇಕಾಗಿದೆ.

ಮೊದಲು ಶೈಲಿಯ ವಿಚಾರ. ಇಟಾಲಿಯನೇಟ್ ಎಂದು ಕರೆಯುವ ಈ ವಾಸ್ತುಶೈಲಿ ಇಟಲಿಯಲ್ಲಿ ಹುಟ್ಟಿದ್ದಲ್ಲ, ಇಟಲಿಯನ್ನು ನೆನೆದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಹದಿನೆಂಟನೆಯ ಶತಮಾನದಲ್ಲಿ ಯುರೋಪ್ ಪ್ರವಾಸ ಮುಗಿಸಿ ಬಂದ ಸಿರಿವಂತರು ಕ್ಲಾಡ್ ಲೊರೇನ್‌ನಂಥ ಚಿತ್ರಕಾರರ ಭೂದೃಶ್ಯಗಳನ್ನು ಕೊಂಡು ತಂದಿದ್ದರು. ಆ ಚಿತ್ರಗಳ ಹಿನ್ನೆಲೆಯಲ್ಲಿ, ಬೆಟ್ಟದ ಇಳಿಜಾರಿನ ಮೇಲೆ, ಒಂದು ಗೋಪುರ ಮತ್ತು ತಗ್ಗಾದ ಚಾವಣಿಯ ಹಳ್ಳಿಮನೆಗಳು ಕಾಣುತ್ತಿದ್ದವು. 1802ರ ಸುಮಾರಿಗೆ ಜಾನ್ ನ್ಯಾಶ್ ಶ್ರಾಪ್‌ಶೈರಿನಲ್ಲಿ ಕಟ್ಟಿದ ಕ್ರಾಂಕ್‌ಹಿಲ್ ಎಂಬ ಮನೆಯನ್ನು ಇಂಗ್ಲೆಂಡಿನ ಈ ಬಗೆಯ ಮೊದಲ ಮನೆಯೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾರಿ ಅದೇ ಕಲ್ಪನೆಯನ್ನು ನಗರದ ಕ್ಲಬ್ಬುಗಳಿಗೂ ದೊಡ್ಡ ಜಮೀನ್ದಾರರ ಬಂಗಲೆಗಳಿಗೂ ಒಗ್ಗಿಸಿದನು. ಗುರುತು ಹಿಡಿಯುವುದು ಕಷ್ಟವೇನಲ್ಲ: ಕಂಡೂ ಕಾಣದಂತೆ ತಗ್ಗಾದ ಚಾವಣಿ, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಸೂರಿನ ಕೆಳಗೆ ಸಾಲು ಸಾಲಾದ ಆಧಾರತೊಲೆಗಳು, ಅರ್ಧವೃತ್ತದ ತಲೆಯುಳ್ಳ ಕಿಟಕಿಗಳು, ಕಮಾನುಗಳ ಸಾಲಿನ ತೆರೆದ ಮೊಗಸಾಲೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಒಂದು ಬದಿಗೆ ಎದ್ದು ನಿಂತ ಚೌಕಾಕಾರದ ಗೋಪುರ. ಗ್ರೀಕ್ ಮಾದರಿಯ ಕಟ್ಟಡದಲ್ಲಿ ಎಡಕ್ಕೂ ಬಲಕ್ಕೂ ತೂಕ ಸಮನಾಗಿರಲೇಬೇಕು. ಇಟಾಲಿಯನೇಟ್ ಮನೆಗೆ ಆ ಕಟ್ಟುಪಾಡಿಲ್ಲ. ಮನೆ ಬೆಳೆದಂತೆ ಒಂದು ಬದಿಗೆ ಇನ್ನೊಂದು ಅಂಕಣ ಸೇರಿಸಿದರೂ ಅದರ ರೂಪ ಕೆಡುವುದಿಲ್ಲ. ಸಂಸಾರ ಬೆಳೆಯುತ್ತಿದ್ದ ಯುವ ದಂಪತಿಗೆ ಇದು ಒದಗಿಬಂದ ಅನುಕೂಲವಾಗಿತ್ತು.

1845ರಲ್ಲಿ, ಪ್ರಧಾನಿ ರಾಬರ್ಟ್ ಪೀಲ್‌ನ ನೆರವಿನಿಂದ, ರಾಜದಂಪತಿ ಈ ಜಾಗವನ್ನು ಕೊಂಡರು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಾಗಲಿ ವಿಂಡ್ಸರ್ ಕೋಟೆಯಾಗಲಿ ರಾಣಿಯ ಸ್ವಂತದ್ದಾಗಿರಲಿಲ್ಲ. ಅಲ್ಲಿ ಒಂದು ಗಿಡ ನೆಡಬೇಕಾದರೂ ಸರ್ಕಾರದ ಇಲಾಖೆಯೊಂದರ ಮಾತು ಕೇಳಬೇಕಿತ್ತು. ಬ್ರೈಟನ್ನಿನಲ್ಲಿ ಹಿಂದಿನ ದೊರೆ ಕಟ್ಟಿಸಿದ್ದ ಕಡಲತೀರದ ಅರಮನೆಯ ಸುತ್ತ ಊರು ಬೆಳೆದು, ಕಿಟಕಿ ತೆರೆದರೆ ಜನ ಇಣುಕುವಂತಾಗಿತ್ತು. ಅದನ್ನು 1850ರಲ್ಲಿ ಆ ಊರಿಗೇ ಮಾರಿಬಿಟ್ಟರು. ಈರುಳ್ಳಿಯಾಕಾರದ ಗುಮ್ಮಟಗಳಿಂದ ಭಾರತದ ಕಟ್ಟಡಗಳನ್ನು ನೆನಪಿಸುವ ಆ ಅರಮನೆಗೆ ಈಗಿನ ರೂಪ ಕೊಟ್ಟವನು ಕ್ರಾಂಕ್‌ಹಿಲ್ ಕಟ್ಟಿದ ಅದೇ ಜಾನ್ ನ್ಯಾಶ್. ಭಾರತದ ಗುಮ್ಮಟಗಳನ್ನು ಮಾರಿ ಇಟಲಿಯ ಗೋಪುರಗಳಿಗೆ ಬಂದ ರಾಣಿ, ನಲವತ್ತು ವರ್ಷಗಳ ನಂತರ ಅದೇ ಇಟಲಿಯ ಮನೆಗೆ ಭಾರತದ ಒಂದು ಸಭಾಂಗಣವನ್ನು ಜೋಡಿಸಿದ ವಿಚಾರ ಮುಂದೆ ಬರುತ್ತದೆ.

ಆಸ್ಬೋರ್ನ್‌ನಿಂದ ಕಾಣುವ ಸೊಲೆಂಟ್ ಜಲಸಂಧಿ ಆಲ್ಬರ್ಟನಿಗೆ ನೇಪಲ್ಸ್ ಕೊಲ್ಲಿಯನ್ನು ನೆನಪಿಸುತ್ತಿತ್ತು. ಮದುವೆಗೆ ಮೊದಲು, 1839ರಲ್ಲಿ, ಅವನು ಇಟಲಿಯಲ್ಲಿ ಸುತ್ತಾಡಿ ಬಂದಿದ್ದ. ನೇಪಲ್ಸಿನ ಬಿಸಿಲು ಇಲ್ಲಿಲ್ಲ. ಇಲ್ಲಿರುವುದು ಮಳೆ, ಮಂಜು ಮತ್ತು ವರ್ಷವಿಡೀ ಬೀಸುವ ಉಪ್ಪುಗಾಳಿ. ಮನೆಯ ನೂರೆಂಬತ್ತು ವರ್ಷಗಳ ಕಾಯಿಲೆಗಳಿಗೆಲ್ಲ ಮೂಲ ಇರುವುದು ಈ ವ್ಯತ್ಯಾಸದಲ್ಲಿ. ಇಟಲಿಯ ಒಣ ಹವೆಗೆ ಒಗ್ಗಿದ ತಗ್ಗು ಚಾವಣಿ, ತೆರೆದ ಮೊಗಸಾಲೆ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಉದ್ಯಾನಗಳನ್ನು ಉತ್ತರ ಯುರೋಪಿನ ಕಡಲ ದಂಡೆಯಲ್ಲಿ ಕಟ್ಟಿದಾಗ ನೀರು ನಿಲ್ಲುವ ಜಾಗಗಳು ನೂರಾಗುತ್ತವೆ.

ಈ ಮನೆಗೆ ಬೇರೊಬ್ಬ ವಾಸ್ತುಶಿಲ್ಪಿಯನ್ನು ನೇಮಿಸಲಿಲ್ಲ. ಲಂಡನ್ನಿನ ಬೆಲ್‌ಗ್ರೇವಿಯಾ ಬಡಾವಣೆಯನ್ನು ಕಟ್ಟಿ ಹೆಸರಾಗಿದ್ದ ಥಾಮಸ್ ಕ್ಯೂಬಿಟ್ ಎಂಬ ಗುತ್ತಿಗೆದಾರನೊಡನೆ ಆಲ್ಬರ್ಟ್ ತಾನೇ ಕುಳಿತು ನಕ್ಷೆ ರೂಪಿಸಿದ. ಬಡಗಿ ಕೆಲಸದಿಂದ ಬದುಕು ಆರಂಭಿಸಿದ ಕ್ಯೂಬಿಟ್, ಎಲ್ಲ ಕಸುಬುದಾರರನ್ನೂ ಒಂದೇ ಸಂಸ್ಥೆಯಲ್ಲಿ ಸಂಬಳಕ್ಕೆ ಇಟ್ಟುಕೊಂಡು ಕೆಲಸ ಮಾಡಿಸುವ ಪದ್ಧತಿಯನ್ನು ಬೆಳೆಸಿದವನು. ವೇಗ, ಲೆಕ್ಕಾಚಾರ ಮತ್ತು ಬಾಳಿಕೆ ಅವನ ಬಲ. 1845ರ ಜೂನ್ ತಿಂಗಳಲ್ಲಿ ಅಡಿಗಲ್ಲು ಹಾಕಿದ ಪೆವಿಲಿಯನ್ ಎಂಬ ಮೊದಲ ಭಾಗಕ್ಕೆ ಮರುವರ್ಷದ ಸೆಪ್ಟೆಂಬರಿನಲ್ಲೇ ರಾಜಕುಟುಂಬ ವಾಸಕ್ಕೆ ಬಂದಿತು. ನಂತರ ಅಲ್ಲಿದ್ದ ಹಳೆಯ ಮನೆಯನ್ನು ಕೆಡವಿ, ಪರಿವಾರದವರ ಮತ್ತು ಅತಿಥಿಗಳ ಅಂಕಣಗಳನ್ನು ಸೇರಿಸಿ, 1851ರ ಹೊತ್ತಿಗೆ ಮುಖ್ಯ ಕಟ್ಟಡವನ್ನು ಪೂರ್ಣಗೊಳಿಸಿದರು. 107 ಅಡಿಯ ಧ್ವಜಗೋಪುರ ಮತ್ತು 90 ಅಡಿಯ ಗಡಿಯಾರ ಗೋಪುರ ಆ ಕಾಲದವು.

ಹೊರಮೈ ಇಟಲಿಯದಾದರೂ ಒಳಗಿನ ಮೈಕಟ್ಟು ಕೈಗಾರಿಕಾ ಕ್ರಾಂತಿಯ ಇಂಗ್ಲೆಂಡಿನದು. ಮರದ ತೊಲೆಗಳಿಗೆ ಬೆಂಕಿ ಹತ್ತಿ ಅರಮನೆಗಳೇ ಬೂದಿಯಾಗುತ್ತಿದ್ದ ಕಾಲದಲ್ಲಿ ಕ್ಯೂಬಿಟ್ ಇಲ್ಲಿ ಎರಕದ ಕಬ್ಬಿಣದ ತೊಲೆಗಳನ್ನು ಹಾಕಿ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಕಮಾನುಗಳನ್ನು ಕಟ್ಟಿದ. ಜ್ಯಾಕ್ ಆರ್ಚ್ ಎಂಬ ಹೆಸರಿನ ಈ ಚಾವಣಿಯನ್ನು ನಮ್ಮ ಹಳೆಯ ರೈಲುನಿಲ್ದಾಣಗಳಲ್ಲಿ ತಲೆಯೆತ್ತಿ ನೋಡಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಮಹಡಿಗಳ ನಡುವಿನ ಟೊಳ್ಳಿನಲ್ಲಿ ಸಮುದ್ರದ ಚಿಪ್ಪುಗಳನ್ನು ತುಂಬಿದರು. ಅವು ಬೆಂಕಿಗೆ ಉರಿಯುವುದಿಲ್ಲ, ಮೇಲಿನ ಮಕ್ಕಳ ಕೋಣೆಯ ಗದ್ದಲವನ್ನೂ ಕೆಳಗಿಳಿಯಲು ಬಿಡುವುದಿಲ್ಲ. ಕಟ್ಟಡ ಆರಂಭವಾದ 1845ರಲ್ಲೇ ಗಾಜಿನ ಮೇಲಿನ ಸುಂಕವನ್ನು ಬ್ರಿಟಿಷ್ ಸಂಸತ್ತು ತೆಗೆದುಹಾಕಿತು. ಆಸ್ಬೋರ್ನ್‌ನ ಕಿಟಕಿಗಳಲ್ಲಿ ಕಾಣುವ, ಅಡ್ಡಪಟ್ಟಿಗಳು ಕಡಮೆಯಿರುವ ದೊಡ್ಡ ದೊಡ್ಡ ಗಾಜಿನ ಹಲಗೆಗಳು ಅದೇ ಕಾಲದ ಹೊಸ ಐಷಾರಾಮ.

ಪೆವಿಲಿಯನ್ನಿನ ಒಳಾಂಗಣದಲ್ಲಿ ಒಂದು ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಊಟದ ಕೋಣೆ, ದಿವಾನಖಾನೆ ಮತ್ತು ಬಿಲಿಯರ್ಡ್ಸ್ ಕೋಣೆ ಮೂರೂ ಮೆಟ್ಟಿಲಿನ ಸುತ್ತ ಬಳಸಿಕೊಂಡಿವೆ; ದಿವಾನಖಾನೆಗೂ ಬಿಲಿಯರ್ಡ್ಸ್ ಕೋಣೆಗೂ ನಡುವೆ ಗೋಡೆಯಿಲ್ಲ, ಕಂಬಗಳಷ್ಟೇ. ರಾಣಿಯ ಸಮ್ಮುಖದಲ್ಲಿ ಯಾರೂ ಕುಳಿತುಕೊಳ್ಳಬಾರದೆಂಬ ನಿಯಮವಿದ್ದ ಕಾಲವದು. ಕೋಣೆ ಹೀಗೆ ಮೂಲೆಯಲ್ಲಿ ತಿರುಗಿಕೊಂಡಿದ್ದರಿಂದ ಪರಿವಾರದ ಗಂಡಸರು ಕರೆದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದು, ರಾಣಿಯ ಕಣ್ಣಿಗೆ ಬೀಳದೆ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ಗೋಡೆಯನ್ನು ತೆಗೆದು ಮರ್ಯಾದೆಯನ್ನು ಉಳಿಸಿದ ಈ ನಕ್ಷೆ ಆಲ್ಬರ್ಟ್ ಮತ್ತು ಕ್ಯೂಬಿಟ್ ಇಬ್ಬರಿಗೂ ಕೀರ್ತಿ ತರುವಂಥದು. ಆ ಕಂಬಗಳು ಅಮೃತಶಿಲೆಯಂತೆ ಕಾಣುತ್ತವೆ, ಆದರೆ ಅಮೃತಶಿಲೆಯಲ್ಲ. ಬಿಲಿಯರ್ಡ್ಸ್ ಮೇಜಿನ ಚೌಕಟ್ಟು ಸ್ಲೇಟು ಕಲ್ಲಿನದು. ಅದಕ್ಕೂ ಬಣ್ಣ ಬಳಿದು ಅಮೃತಶಿಲೆಯ ರೂಪ ಕೊಟ್ಟಿದ್ದಾರೆ. ಹೊರಗಿನ ತಾರಸಿ ಉದ್ಯಾನಗಳ ಹೂದಾನಿಗಳು, ಅಂಚಿನ ಕಟಾಂಜನಗಳು ಮತ್ತು ಪ್ರತಿಮೆಗಳಲ್ಲಿ ಬಹುಪಾಲು ಸಿಮೆಂಟಿನ ಅಥವಾ ಸತುವಿನ ಎರಕ. ಆಲ್ಬರ್ಟನ ಕಲಾಸಲಹೆಗಾರ ಲುಡ್ವಿಗ್ ಗ್ರೂನರ್‌ನ ಕೈವಾಡ ಇವುಗಳಲ್ಲಿ ಎದ್ದು ಕಾಣುತ್ತದೆ.

ಇದನ್ನು ಜಿಪುಣತನ ಅಥವಾ ಸೋಗು ಎಂದು ತಳ್ಳಿಹಾಕಿದರೆ ಆ ಕಾಲವನ್ನು ತಪ್ಪಾಗಿ ಓದಿದಂತಾಗುತ್ತದೆ. ಆಲ್ಬರ್ಟ್ 1851ರ ಲಂಡನ್ ಮಹಾಪ್ರದರ್ಶನದ ಹಿಂದಿನ ಶಕ್ತಿಯಾಗಿದ್ದವನು. ಕಲೆ ಮತ್ತು ಕಾರ್ಖಾನೆ ಕೈಜೋಡಿಸಿದರೆ ಒಳ್ಳೆಯ ರೂಪಗಳು ಎಲ್ಲರ ಕೈಗೆಟುಕುತ್ತವೆ ಎಂಬುದು ಅವನ ದೃಢವಾದ ನಂಬಿಕೆ. ಕೆಳಗಿನ ತಾರಸಿಯಲ್ಲಿರುವ, ಗ್ರೀಕ್ ಪುರಾಣದ ರಾಜಕುಮಾರಿ ಆಂಡ್ರೊಮಿಡಾಳ ಕಂಚಿನ ವಿಗ್ರಹವನ್ನು, ಜಾನ್ ಬೆಲ್ ರೂಪಿಸಿ ಕೋಲ್‌ಬ್ರುಕ್‌ಡೇಲ್ ಕಾರ್ಖಾನೆ ಎರಕ ಹೊಯ್ದದ್ದನ್ನು, ರಾಣಿ ಕೊಂಡದ್ದು ಅದೇ ಪ್ರದರ್ಶನದಲ್ಲಿ. ಹಾಗೆಂದು ಇಡೀ ಮನೆ ಅನುಕರಣೆಯಲ್ಲ. ಮೆಟ್ಟಿಲಿನ ಮೇಲ್ಗೋಡೆಯಲ್ಲಿ ವಿಲಿಯಂ ಡೈಸ್ 1847ರಲ್ಲಿ ಬರೆದ, ಕಡಲ ದೇವತೆ ನೆಪ್ಚೂನ್ ಕಡಲ ಒಡೆತನವನ್ನು ಬ್ರಿಟನ್ನಿನ ಪ್ರತಿರೂಪಿ ದೇವಿ ಬ್ರಿಟಾನಿಯಾಳಿಗೆ ಒಪ್ಪಿಸುವ ಚಿತ್ರ ಅಪ್ಪಟ ಇಟಲಿಯ ವಿಧಾನದ ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಾಕಬೇಕಾದ್ದರಿಂದ, ಆಯಾ ದಿನ ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಬಳಿದು ಬರೆಯುವ ಕೆಲಸವದು. ಹಾಗೆ ಬರೆದ ಬಣ್ಣ ಗಾರೆಯ ಭಾಗವೇ ಆಗಿಬಿಡುತ್ತದೆ. ಗೋಡೆಗೆ ತೇವ ಬಂದರೆ ಮಾತ್ರ ಚಿತ್ರಕ್ಕೂ ಅದೇ ಗತಿ.

ಸಂರಕ್ಷಣೆಯ ಮುಖ್ಯ ಕಷ್ಟ ಈಗ ಅರ್ಥವಾಗುತ್ತದೆ. ಕಲ್ಲಿನ ಗೋಡೆಯಲ್ಲಿ ಒಂದು ಕಲ್ಲು ಸವೆದರೆ ಅದನ್ನು ಬಿಚ್ಚಿ ಅದೇ ಗಣಿಯ ಇನ್ನೊಂದನ್ನು ಕೂರಿಸಬಹುದು. ಗಿಲಾವಿನ ಗೋಡೆ ಹಾಗಲ್ಲ, ಅದು ಒಂದೇ ಚರ್ಮ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಇಂಥ ಮನೆಗಳಿಗೆ ಬಳಸುತ್ತಿದ್ದ ಸಿಮೆಂಟುಗಳು ಇಂದಿನ ಪೋರ್ಟ್‌ಲ್ಯಾಂಡ್ ಸಿಮೆಂಟಿನಂಥವಲ್ಲ. ರೋಮನ್ ಸಿಮೆಂಟ್ ಎಂಬುದಕ್ಕೆ 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬವನು ಪೇಟೆಂಟ್ ಪಡೆದಿದ್ದ. ಜೇಡಿ ಮತ್ತು ಸುಣ್ಣ ಸ್ವಾಭಾವಿಕವಾಗಿ ಬೆರೆತ ಉಂಡೆಗಲ್ಲುಗಳನ್ನು ಸುಟ್ಟು ಪುಡಿಮಾಡಿದರೆ ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಕಂದು ಪುಡಿ ಸಿಗುತ್ತಿತ್ತು. ಅದರ ಗಿಲಾವಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಗೋಡೆಯೊಳಕ್ಕೆ ಇಳಿದ ತೇವಕ್ಕೆ ಆವಿಯಾಗಿ ಹೊರಬರಲು ದಾರಿಯಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇಂಥ ಗೋಡೆಗಳ ಬಿರುಕುಗಳಿಗೆ ಗಡಸು ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಮೆತ್ತಿ, ಮೇಲೆ ನೀರು ಬಿಡದ ಬಣ್ಣ ಬಳಿಯುವುದು ರೂಢಿಯಾಯಿತು. ನೋಡಲು ಅದು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಹಳೆಯ ಗಿಲಾವು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಪ್ರಮಾಣವೇ ಬೇರೆ, ಹೊಸ ತೇಪೆಯದೇ ಬೇರೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಲ್ಲಿಂದ ಒಳಗಿಳಿದ ನೀರಿಗೆ ಹೊರಬರುವ ದಾರಿ ಮುಚ್ಚಿಹೋಗಿರುತ್ತದೆ. ಹಿಮಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬಿದಾಗ ತೇಪೆ ತನ್ನ ಸುತ್ತಲಿನ ಹಳೆಯ ಗಿಲಾವನ್ನೂ ಸೇರಿಸಿಕೊಂಡು ಕಳಚಿ ಬೀಳುತ್ತದೆ.

ಇದರ ಜೊತೆಗೆ ಕಡಲಿನ ಉಪ್ಪು. ನೀರಿನಲ್ಲಿ ಕರಗಿ ಒಳಸೇರಿದ ಉಪ್ಪು, ನೀರು ಆರಿದ ಮೇಲೆ ಹರಳಾಗಿ ನಿಂತು, ರಂಧ್ರಗಳ ಗೋಡೆಯನ್ನೇ ಒಡೆಯುತ್ತದೆ. ತುದಿಯಲ್ಲಿ ಮುಂಚಾಚಿದ ಕಾರ್ನಿಸುಗಳು, ಕಟಾಂಜನದ ಗುಂಬಗಳು ಮತ್ತು ಸಿಮೆಂಟಿನ ವಿಗ್ರಹಗಳ ಒಳಗೆ ಬಲಕ್ಕೆಂದು ಹಾಕುತ್ತಿದ್ದ ಕಬ್ಬಿಣದ ಸರಳುಗಳಿಗೆ ಈ ಉಪ್ಪುನೀರು ತಗುಲಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ವಿಗ್ರಹದ ತೋಳು ಒಳಗಿನಿಂದಲೇ ಸೀಳುತ್ತದೆ. ಸತುವಿನ ಪ್ರತಿಮೆಯ ಸಂಕಟ ಬೇರೆ ಬಗೆಯದು. ಆ ಲೋಹ ಹಗುರ, ಅಗ್ಗ, ಅಚ್ಚಿನಲ್ಲಿ ಸುಲಭವಾಗಿ ತುಂಬಿಕೊಳ್ಳುತ್ತದೆ, ಮೇಲೆ ಕಂಚಿನ ಲೇಪ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವರ್ಷಗಳುದ್ದಕ್ಕೂ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಗ್ಗುತ್ತದೆ, ಬೆಸುಗೆಗಳು ಬಿಡುತ್ತವೆ. ಇಂಥದ್ದನ್ನು ಸರಿಪಡಿಸುವವರು ಮೊದಲು ಬಿಚ್ಚಿ, ಒಳಗಿನ ಕಬ್ಬಿಣದ ಆಧಾರವನ್ನು ತೆಗೆದು, ತುಕ್ಕು ಹಿಡಿಯದ ಉಕ್ಕಿನ ಚೌಕಟ್ಟನ್ನು ಕೂರಿಸುತ್ತಾರೆ. ಸತುವಿನ ಬದಲು ನಿಜವಾದ ಕಂಚಿನಲ್ಲೇ ಹೊಸದಾಗಿ ಎರಕ ಹೊಯ್ದರೆ ಆಗದೇ ಎಂಬ ಪ್ರಶ್ನೆ ಯಾರಿಗಾದರೂ ಬರಬಹುದು. ಹಾಗೆ ಮಾಡಿದರೆ ಉಳಿಯುವುದು ಇನ್ನಷ್ಟು ಬೆಲೆಬಾಳುವ ಉದ್ಯಾನ, ಆಲ್ಬರ್ಟ್ ಕಟ್ಟಿದ ಉದ್ಯಾನವಲ್ಲ. ಈ ವಿಷಯದಲ್ಲಿ ನಾನು ಸತುವಿನ ಪಕ್ಷ.

ಮನೆಯ ಚರಿತ್ರೆಯ ಎರಡನೆಯ ಘಟ್ಟ 1861ರ ಡಿಸೆಂಬರಿನಲ್ಲಿ ಆಲ್ಬರ್ಟ್ ತೀರಿಕೊಂಡಾಗ ಆರಂಭವಾಗುತ್ತದೆ. ಮುಂದಿನ ನಲವತ್ತು ವರ್ಷ ರಾಣಿ ಅವನ ಕೋಣೆಗಳನ್ನು ಅವನಿದ್ದಾಗಿನಂತೆಯೇ ಇರಿಸಿದಳು. ಅವರಿಬ್ಬರೂ ಅಕ್ಕಪಕ್ಕ ಕುಳಿತು ಕೆಲಸ ಮಾಡುತ್ತಿದ್ದ ಜೋಡಿ ಮೇಜುಗಳು ಇಂದಿಗೂ ಅಲ್ಲಿವೆ. 1901ರ ಜನವರಿ 22ರಂದು ಅವಳೂ ಇದೇ ಮನೆಯಲ್ಲಿ ಕೊನೆಯುಸಿರೆಳೆದಳು. ಮನೆ ಕುಟುಂಬದಲ್ಲೇ ಉಳಿಯಬೇಕೆಂಬುದು ಅವಳ ಇಚ್ಛೆಯಾಗಿತ್ತು. ಮಗ ಏಳನೆಯ ಎಡ್ವರ್ಡ್‌ಗೆ ಅದು ಬೇಡವಾಗಿತ್ತು. 1902ರಲ್ಲಿ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಅವನು ಅದನ್ನು ರಾಷ್ಟ್ರಕ್ಕೆ ಒಪ್ಪಿಸಿದ. 1903ರಿಂದ 1921ರವರೆಗೆ ಆವರಣದಲ್ಲಿ ನೌಕಾಪಡೆಯ ಬಾಲಕರ ಕಾಲೇಜು ನಡೆಯಿತು. ಕಟ್ಟಡದ ಇನ್ನೊಂದು ಭಾಗ ಸೇನಾಧಿಕಾರಿಗಳು ಚೇತರಿಸಿಕೊಳ್ಳುವ ಆರೋಗ್ಯಧಾಮವಾಯಿತು, ಅದು 2000ದವರೆಗೂ ನಡೆಯಿತು. ತಾಯಿಯ ಖಾಸಗಿ ಕೋಣೆಗಳಿಗೆ ಮಾತ್ರ ಎಡ್ವರ್ಡ್ ಬಾಗಿಲು ಹಾಕಿಸಿದ. ಅವು ಸಾರ್ವಜನಿಕರಿಗೆ ತೆರೆದದ್ದು 1954ರಲ್ಲಿ, ಎರಡನೆಯ ಎಲಿಜಬೆತ್ ಒಪ್ಪಿಗೆ ಕೊಟ್ಟ ಮೇಲೆ.

ಮನೆಯನ್ನು ಬೇಡವೆಂದ ಮಗನೇ ಹೀಗೆ ಅದರ ಅತ್ಯಂತ ದೊಡ್ಡ ರಕ್ಷಕನಾದ. ಐವತ್ತಕ್ಕೂ ಹೆಚ್ಚು ವರ್ಷ ಆ ಕೋಣೆಗಳಿಗೆ ಹೊಸ ಪರದೆ ಬರಲಿಲ್ಲ, ಹೊಸ ಬಣ್ಣ ಬರಲಿಲ್ಲ, ಅಭಿರುಚಿ ಬದಲಾಯಿತೆಂದು ಯಾರೂ ಕುರ್ಚಿ ಮೇಜುಗಳನ್ನು ಹರಾಜಿಗೆ ಹಾಕಲಿಲ್ಲ. ಇಲ್ಲಿ ಸಂರಕ್ಷಕರ ಕೆಲಸ ಆದಷ್ಟು ಕಡಮೆ ಮಾಡುವುದು. ರೇಷ್ಮೆ ಮತ್ತು ಬಣ್ಣದ ಬಟ್ಟೆಗಳಿಗೆ ಬೆಳಕೇ ದೊಡ್ಡ ಶತ್ರುವಾದ್ದರಿಂದ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಇಂಥ ಕಡೆ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮಟ್ಟಕ್ಕೆ ಇಳಿಸುತ್ತವೆ. ಕಡಲ ನೋಟಕ್ಕೆಂದೇ ದೊಡ್ಡ ಗಾಜು ಹಾಕಿ ಕಟ್ಟಿದ ಮನೆಯಲ್ಲಿ ಪರದೆ ಇಳಿಸಿ ಕುಳಿತುಕೊಳ್ಳಬೇಕಾದದ್ದು ನೋವಿನ ಸಂಗತಿಯೇ, ಆದರೆ ಬೇರೆ ದಾರಿಯಿಲ್ಲ. ಬದಲಾದ ಕೋಣೆಗಳಿಗೆ ನೆರವಾಗುವುದು ಚಿತ್ರಗಳು. ಜೇಮ್ಸ್ ರಾಬರ್ಟ್ಸ್ ಎಂಬ ಕಲಾವಿದ 1850ರ ದಶಕದಲ್ಲಿ ರಾಣಿಗಾಗಿ ಬರೆದ ಜಲವರ್ಣಗಳಲ್ಲಿ ಯಾವ ಗೋಡೆಗೆ ಯಾವ ಬಣ್ಣ, ಯಾವ ಸೋಫಾ ಎಲ್ಲಿತ್ತು ಎಂಬುದು ಕಾಣುತ್ತದೆ. ಚಿತ್ರ ಹೇಳಿದ್ದನ್ನು ಗೋಡೆ ಒಪ್ಪುತ್ತದೆಯೇ ಎಂದು ನೋಡಲು ಇಂಥ ಕೆಲಸಗಳಲ್ಲಿ ಉಗುರಿನಷ್ಟು ಬಣ್ಣದ ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಅದರ ಪದರಗಳನ್ನು ಎಣಿಸುತ್ತಾರೆ.

ಇನ್ನು ದರ್ಬಾರ್ ಅಂಕಣ. 1890–91ರಲ್ಲಿ ಕಟ್ಟಿದ ಈ ಭಾಗ ಹೊರಗಿನಿಂದ ಉಳಿದ ಮನೆಯಂತೆಯೇ ಇಟಾಲಿಯನೇಟ್; ಒಳಗೆ ಹೋದರೆ ಸುಮಾರು 60 ಅಡಿ ಉದ್ದ, 30 ಅಡಿ ಅಗಲದ ಭಾರತೀಯ ಸಭಾಂಗಣ. ಲಾಹೋರಿನ ಮೇಯೋ ಕಲಾಶಾಲೆಯ ಮುಖ್ಯಸ್ಥ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಅಲ್ಲಿ ಕಲಿತ ಪಂಜಾಬಿನ ಶಿಲ್ಪಿ ಭಾಯಿ ರಾಮ್ ಸಿಂಗ್ ಇದರ ರೂವಾರಿಗಳು. ರಾಮ್ ಸಿಂಗ್ ಇಂಗ್ಲೆಂಡಿಗೆ ಬಂದು ನಿಂತು ವಿನ್ಯಾಸ ಮಾಡಿದ. ಬಾಗಿಲಿನ ಮೇಲೆ ಗಣಪತಿ, ಬೆಂಕಿಗೂಡಿನ ಮೇಲೆ ಗರಿಬಿಚ್ಚಿದ ನವಿಲು, ಚಾವಣಿಯ ತುಂಬ ಜಾಲರಿಯಂಥ ಕುಸುರಿ. ಅವನು ಮರದಲ್ಲಿ ಕೆತ್ತಿದ ಮಾದರಿಗಳಿಂದ ಅಚ್ಚು ತೆಗೆದು, ಲಂಡನ್ನಿನ ಜ್ಯಾಕ್ಸನ್ ಕಂಪನಿಯವರು ಪ್ಲಾಸ್ಟರಿನಲ್ಲಿ ಎರಕ ಹೊಯ್ದರು. ಚಾವಣಿಯ ಹಲಗೆಗಳು ಗೋಣಿಬಟ್ಟೆ ಮತ್ತು ಮರದ ಪಟ್ಟಿಗಳ ಮೇಲೆ ಪ್ಲಾಸ್ಟರ್ ಸುರಿದು ತಯಾರಿಸುವ ಬಗೆಯವು. ಈ ಬಗೆಯ ಹಲಗೆ ಎಷ್ಟು ದೊಡ್ಡದಿದ್ದರೂ ಹಗುರ. ಆದರೆ ಚಾವಣಿ ಸೋರಿ ಒಳಗಿನ ಗೋಣಿ ಕೊಳೆತರೆ ಮುಖ ನೋಡಲು ಚೆನ್ನಾಗಿರುವಾಗಲೇ ಹಿಡಿತ ಕಳೆದುಕೊಂಡಿರುತ್ತದೆ. ಆದ್ದರಿಂದ ಇಂಥ ಚಾವಣಿಯನ್ನು ಕೆಳಗಿನಿಂದ ನೋಡಿದರೆ ಸಾಲದು, ಮೇಲಿನ ಸಂದಿಗೆ ತೆವಳಿ ಹೋಗಿ ಬೆನ್ನಿನ ಕಡೆಯಿಂದ ಪರೀಕ್ಷಿಸಬೇಕು. ಅನುಕರಣೆಯ ಆ ಮನೆಯಲ್ಲೇ ಇದು ಅತ್ಯಂತ ಕುಶಲವಾದ ಅನುಕರಣೆ: ಮರದ ಕೆತ್ತನೆಯ ಆಳ, ಅಮೃತಶಿಲೆಯ ಬಿಳುಪು, ವಸ್ತು ಮಾತ್ರ ಪ್ಲಾಸ್ಟರ್. ರಾಣಿಗೆ ಹಿಂದೂಸ್ತಾನಿ ಕಲಿಸುತ್ತಿದ್ದ ಅಬ್ದುಲ್ ಕರೀಮ್ ಓಡಾಡಿದ ಕಾಲದ ಕೋಣೆ ಇದು. ಭಾರತಕ್ಕೆ ಒಮ್ಮೆಯೂ ಕಾಲಿಡದ ಭಾರತದ ಚಕ್ರವರ್ತಿನಿ ಆ ದೇಶವನ್ನು ಕಂಡದ್ದು ಇಲ್ಲಿ ಮಾತ್ರ.

1986ರಿಂದ ಮನೆಯ ಹೊಣೆ ಚಾರಿತ್ರಿಕ ತಾಣಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಕಟ್ಟಡದಿಂದ ಹೊರಕ್ಕೆ, ಉದ್ಯಾನದಿಂದ ಕಡಲಿನ ಕಡೆಗೆ ಕೆಲಸ ಹಂತ ಹಂತವಾಗಿ ಸಾಗಿದೆ. ರಾಜಕುಟುಂಬದ ಖಾಸಗಿ ಕಡಲತೀರ 2012ರಲ್ಲಿ ಜನರಿಗೆ ತೆರೆಯಿತು. ಆಂಡ್ರೊಮಿಡಾಳ ಕಾರಂಜಿಯೂ ಚಿಪ್ಪುಗಳಿಂದ ಅಲಂಕರಿಸಿದ ಗೂಡೂ ಇರುವ ಕೆಳತಾರಸಿ ದುರಸ್ತಿಯಾಗಿ 2017ರಲ್ಲಿ ತೆರೆಯಿತು. ಕಂಚು ಉಪ್ಪುಗಾಳಿಯನ್ನು ತಡೆದುಕೊಂಡಿತ್ತು. ಹೆಚ್ಚು ಆರೈಕೆ ಬೇಕಾದದ್ದು ಅದರ ಸುತ್ತಲಿನ ಗಾರೆ ಗಿಲಾವುಗಳಿಗೆ.

ಕನ್ನಡ ನಾಡಿನ ಒಂದು ಮುಖವೂ ಈ ಮನೆಯ ಸಂಗ್ರಹದಲ್ಲಿದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿತ್ತು. ಕಂಪನಿಯ ಬಳಿಯಿದ್ದ ತನ್ನ ಹಣಕ್ಕಾಗಿ ಹೋರಾಡಲು ಅವನು 1852ರಲ್ಲಿ ಸುಮಾರು ಹನ್ನೊಂದು ವರ್ಷದ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಬಂದ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ಅವಳ ಧರ್ಮಮಾತೆಯಾದಳು. ಅವಳು ಮತ್ತೆ ಭಾರತಕ್ಕೆ ಮರಳಲಿಲ್ಲ. 1864ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಇಂಗ್ಲೆಂಡಿನಲ್ಲೇ ತೀರಿಕೊಂಡಳು. ಶಿಲ್ಪಿ ಕಾರ್ಲೊ ಮರೊಕೆಟ್ಟಿ ಕೆತ್ತಿದ ಅವಳ ಎದೆಮಟ್ಟದ ಪ್ರತಿಮೆ ಆಸ್ಬೋರ್ನ್‌ನಲ್ಲಿದೆ. ಅದು ನಿಜವಾದ ಅಮೃತಶಿಲೆ, ಆದರೆ ಬಿಳಿಯಾಗಿ ಬಿಟ್ಟಿಲ್ಲ: ಜೀವಂತ ಮುಖದ ಛಾಯೆ ಬರುವಂತೆ ತೆಳುವಾಗಿ ಬಣ್ಣ ಕೊಟ್ಟಿದ್ದಾರೆ. ಮನೆಯಲ್ಲಿ ಉಳಿದೆಲ್ಲ ವಸ್ತುಗಳು ಬಣ್ಣ ಬಳಿದುಕೊಂಡು ಅಮೃತಶಿಲೆಯಾಗಲು ಹೊರಟಿರುವಾಗ ಇಲ್ಲಿ ಅಮೃತಶಿಲೆಯೇ ಬಣ್ಣದ ಹಿಂದೆ ಸರಿದಿದೆ. ಅಮೃತಶಿಲೆ ಬೆಳ್ಳಗೇ ಇರಬೇಕೆಂದು ನಂಬಿದವರು ಆ ಕಾಲದ ಇಂಥ ಅನೇಕ ಪ್ರತಿಮೆಗಳನ್ನು ತೊಳೆದು ಬಣ್ಣ ಕಳೆದಿದ್ದಾರೆ. ಗೌರಮ್ಮನ ಪ್ರತಿಮೆಯ ಮೇಲೆ ಕೈಯಿಡುವ ಸಂರಕ್ಷಕರಿಗೆ ಮೊದಲು ಗೊತ್ತಿರಬೇಕಾದದ್ದು ಆ ತೆಳು ಲೇಪ ಕೊಳೆಯಲ್ಲ, ಕೆಲಸದ ಕೊನೆಯ ಹಂತ ಎಂಬುದು.